ಕೆಂಗಲ್ಲಿನ ಸೀಮೆಯಲ್ಲಿ ಒಬ್ಬರೇ ಒಂದು ದಿನ

ಯೂಟಾ ಸುತ್ತಿಬಂದ ನಮ್ಮವರ ಫೋಟೊಗಳಲ್ಲಿ ಜಯಾನ್, ಬ್ರೈಸ್, ಆರ್ಚಸ್ ಈ ಮೂರು ಜಾಗ ತಪ್ಪುವುದಿಲ್ಲ. ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಒಂದೊಂದು ವ್ಯೂಪಾಯಿಂಟ್‌ನಲ್ಲಿ ಹತ್ತು ನಿಮಿಷ ಇಳಿದು, ನಾಲ್ಕು ದಿನದಲ್ಲಿ ಮುಗಿಸುವ ಪ್ರವಾಸ ಅದು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಅದೇ ಸರಿ. ಆದರೆ ಕೆಂಗಲ್ಲಿನ ಮರುಭೂಮಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ನಡೆಯಬೇಕು ಎಂಬ ಆಸೆ ಇದ್ದವರಿಗೆ ನಾನು ಹೇಳುವ ಜಾಗ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ನೀಡಲ್ಸ್ ವಿಭಾಗ. ಅದರಲ್ಲೂ ಎಲಿಫೆಂಟ್ ಹಿಲ್‌ನಿಂದ ಹೊರಟು, ಚೆಸ್ಲರ್ ಪಾರ್ಕ್ ಸುತ್ತಿ, ಹೊರಟಲ್ಲಿಗೇ ಬಂದು ಸೇರುವ ದಾರಿ. ಒಟ್ಟು 11 ಮೈಲಿ, ಅಂದರೆ ಸುಮಾರು 17.7 ಕಿಲೋಮೀಟರ್.

ಕುಮಾರಪರ್ವತ ಹತ್ತಿ ಇಳಿದ ಕಾಲಿಗೆ ಈ ದೂರ ದೊಡ್ಡದಲ್ಲ, ಏರು ಅದಕ್ಕಿಂತಲೂ ಕಡಿಮೆ. ಕಷ್ಟ ಇರುವುದು ಬೇರೆ ಕಡೆ. ಕುಮಾರಪರ್ವತದ ದಾರಿಯಲ್ಲಿ ಭಟ್ಟರ ಮನೆಯ ಊಟವಿದೆ. ಪಶ್ಚಿಮಘಟ್ಟದ ಯಾವ ಚಾರಣದಲ್ಲೂ ಮಳೆಗಾಲ ಕಳೆದ ಮೇಲೆ ಎಲ್ಲೋ ಒಂದು ಝರಿ ಸಿಕ್ಕೀತೆಂಬ ಧೈರ್ಯವಿದೆ. ನೀಡಲ್ಸ್‌ನ ಈ ದಾರಿಯಲ್ಲಿ ನಂಬಬಹುದಾದ ನೀರು ಒಂದು ಹನಿಯೂ ಇಲ್ಲ, ನೆರಳು ಅಲ್ಲಲ್ಲಿ ಮಾತ್ರ, ಫೋನಿಗೆ ಸಿಗ್ನಲ್ ಇಲ್ಲ. ಆದ್ದರಿಂದ ಎಷ್ಟು ನೀರು, ಎಷ್ಟು ಹೊತ್ತು, ಎಲ್ಲಿಂದ ಹಿಂದಿರುಗುವುದು ಎಂಬ ಲೆಕ್ಕವೆಲ್ಲ ಕಾರಿನ ಬಾಗಿಲು ಹಾಕುವ ಮೊದಲೇ ಮುಗಿದಿರಬೇಕು. ಬಿಸಿಲಿನಲ್ಲಿ ದಣಿದ ತಲೆ ಲೆಕ್ಕವನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ಪಕ್ಕದಲ್ಲಿ ಬೇಡವೆನ್ನಲು ಯಾರೂ ಇರುವುದಿಲ್ಲ.

ಕಲ್ಲು ಹೀಗೇಕೆ

ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನವಾದದ್ದು 1964ರಲ್ಲಿ. ಗ್ರೀನ್ ಮತ್ತು ಕೊಲೊರಾಡೊ ನದಿಗಳು ಇದರ ನಡುವೆ ಸಂಗಮವಾಗಿ ನೆಲವನ್ನು ಮೂರು ಪಾಲು ಮಾಡಿವೆ: ಉತ್ತರಕ್ಕೆ ಐಲ್ಯಾಂಡ್ ಇನ್ ದ ಸ್ಕೈ, ಪಶ್ಚಿಮಕ್ಕೆ ಮೇಜ್, ಆಗ್ನೇಯಕ್ಕೆ ನೀಡಲ್ಸ್. ಒಂದರಿಂದ ಇನ್ನೊಂದಕ್ಕೆ ಉದ್ಯಾನದೊಳಗೆ ಸೇತುವೆಯಾಗಲಿ ರಸ್ತೆಯಾಗಲಿ ಇಲ್ಲ. ನೂರಾರು ಕಿಲೋಮೀಟರ್ ಸುತ್ತಿ ಹೋಗಬೇಕು. ಜಿಪಿಎಸ್‌ಗೆ ಬರೀ ‘ಕ್ಯಾನ್ಯನ್‌ಲ್ಯಾಂಡ್ಸ್’ ಎಂದು ಹಾಕಿ ಹೊರಟರೆ ಬೇರೆ ಬಾಗಿಲಿಗೆ ಹೋಗಿ ನಿಲ್ಲಬಹುದು. ನೀಡಲ್ಸ್ ವಿಸಿಟರ್ ಸೆಂಟರ್ ಎಂದೇ ಹಾಕಿ. ಮೋಆಬ್ ಊರಿನಿಂದ ಅದು ಸುಮಾರು 120 ಕಿಲೋಮೀಟರ್, ಮಾಂಟಿಸೆಲೊದಿಂದ 80ರ ಹತ್ತಿರ.

ಇಲ್ಲಿನ ಸೂಜಿಗೋಪುರಗಳು ಸೀಡರ್ ಮೀಸಾ ಎಂಬ ಮರಳುಗಲ್ಲು. ಕೆಂಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕೆಂಪು. ಪರ್ಮಿಯನ್ ಯುಗದಲ್ಲಿ ಇದು ಸಮುದ್ರದ ಅಂಚು. ಬಿಳಿಯದು ಕರಾವಳಿಯ ಮರಳದಿಬ್ಬ. ಕೆಂಪು, ಪೂರ್ವದ ಬೆಟ್ಟಗಳಿಂದ ಹೊಳೆಗಳು ತಂದು ಸುರಿದ ಕಬ್ಬಿಣದಂಶದ ಮಣ್ಣು. ಒಮ್ಮೆ ಅದರ ಕೈ ಮೇಲು, ಒಮ್ಮೆ ಇದರದು. ಬಾದಾಮಿಯ ಬಂಡೆಗಳಿಗೆ ಕೆಂಪು ಕೊಟ್ಟದ್ದೂ ಇದೇ ಕಬ್ಬಿಣದ ತುಕ್ಕು. ಆದರೆ ವಯಸ್ಸಿನಲ್ಲಿ ಬಾದಾಮಿಯದು ಇದಕ್ಕಿಂತ ಎಷ್ಟೋ ಹಿರಿಯ ಕಲ್ಲು. ನೀಡಲ್ಸ್‌ನ ಅಡಿಯಲ್ಲಿ ಆಳದಲ್ಲಿ ದಪ್ಪನೆಯ ಉಪ್ಪಿನ ಪದರವಿದೆ. ಮೇಲಿನ ಭಾರಕ್ಕೆ ಉಪ್ಪು ನಿಧಾನವಾಗಿ ಜರುಗುತ್ತದೆ, ಮೇಲಿನ ಕಲ್ಲು ಉದ್ದಕ್ಕೂ ಅಡ್ಡಕ್ಕೂ ಸೀಳುತ್ತದೆ. ಸೀಳುಗಳಲ್ಲಿ ನೀರು, ಹಿಮ ಇಳಿದು ಅಗಲ ಮಾಡಿದ ಮೇಲೆ ಉಳಿದವೇ ಈ ಗೋಪುರಗಳು. ಇದನ್ನು ತಿಳಿದು ಹೋದರೆ ಲಾಭವಿದೆ. ಮುಂದೆ ಹೇಳುವ ಜಾಯಿಂಟ್ ಟ್ರೇಲ್ ಅಂಥ ಸೀಳೊಂದರ ಒಳಗಿನ ನಡಿಗೆಯೇ.

ಯಾವಾಗ ಹೋಗಬೇಕು

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆ. ಆಗ ಹಗಲು 15ರಿಂದ 27 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ರಾತ್ರಿ ಸೊನ್ನೆಯ ಹತ್ತಿರಕ್ಕೂ ಇಳಿಯಬಹುದು. ಒಂದೇ ದಿನದಲ್ಲಿ 20 ಡಿಗ್ರಿಗೂ ಹೆಚ್ಚಿನ ಏರಿಳಿತ ಇಲ್ಲಿ ಮಾಮೂಲು. ಹಾಗಾಗಿ ಬೆಳಗ್ಗೆ ಹಾಕಿಕೊಂಡ ಸ್ವೆಟರ್ ಒಂಬತ್ತಕ್ಕೆ ಭಾರವೆನಿಸಿದರೂ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಕಾಲು ಉಳುಕಿ ರಾತ್ರಿ ಅಲ್ಲೇ ಕಳೆಯಬೇಕಾಗಿ ಬಂದರೆ ಜೀವ ಉಳಿಸುವುದು ಅದೇ.

ಜೂನ್‌ನಿಂದ ಆಗಸ್ಟ್‌ವರೆಗೆ ಒಬ್ಬರೇ ಇಷ್ಟು ದೂರ ನಡೆಯುವುದು ಬೇಡವೇ ಬೇಡ. 38 ಡಿಗ್ರಿ ದಾಟುವ ಬಿಸಿಲು. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಬಂಡೆ. 2024ರ ಜುಲೈನಲ್ಲಿ ಇದೇ ಉದ್ಯಾನದ ಸಿಂಕ್‌ಲೈನ್ ದಾರಿಯಲ್ಲಿ ತಂದೆ ಮತ್ತು ವಯಸ್ಸಿಗೆ ಬಂದ ಮಗಳು ದಾರಿ ತಪ್ಪಿ, ನೀರು ಮುಗಿದು ತೀರಿಕೊಂಡರು. ಆ ದಾರಿ ಈ ಸುತ್ತಿಗಿಂತ ಚಿಕ್ಕದು, 8.3 ಮೈಲಿ. ‘ರಾಯಚೂರಿನ ಬಿಸಿಲು ನೋಡಿ ಬೆಳೆದವರು ನಾವು’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ರಾಯಚೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಯಾರೂ ಬೆನ್ನಿಗೆ ಹೊರೆ ಹಾಕಿಕೊಂಡು ಬಂಡೆ ಹತ್ತುವುದಿಲ್ಲ.

ನೀರಿನ ಲೆಕ್ಕ

ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್ ಎಂದು ಉದ್ಯಾನದವರು ಹೇಳುತ್ತಾರೆ. ಜೊತೆಗಾರರಿಲ್ಲದವರು 5 ಲೀಟರ್ ಹೊರಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ನೀರು ಮುಗಿದರೆ ಕೊಡಲು ಇನ್ನೊಬ್ಬರ ಬಾಟಲಿ ಇಲ್ಲ. ಐದು ಕಿಲೋ ತೂಕ ಬೆಳಗ್ಗೆ ಹೆಗಲಿಗೆ ಗೊತ್ತಾಗುತ್ತದೆ, ಆದರೆ ಗಂಟೆಗಂಟೆಗೂ ಇಳಿಯುವ ತೂಕ ಅದು. ಕೊಳವೆಯಿಂದ ಹೀರುವ ನೀರಿನ ಚೀಲಕ್ಕಿಂತ ಒಂದೊಂದು ಲೀಟರಿನ ಬಾಟಲಿಗಳೇ ಮೇಲು. ಎಷ್ಟು ಕುಡಿದಾಯಿತು, ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಒಂದು ಸೋರಿದರೂ ಉಳಿದವು ಇರುತ್ತವೆ. ಕಾರಿನಲ್ಲಿ ಇನ್ನೂ ಎರಡು ಮೂರು ಲೀಟರ್ ಬಿಟ್ಟಿರಿ. ನೀರು ತುಂಬಿಸಿಕೊಳ್ಳುವುದು ವಿಸಿಟರ್ ಸೆಂಟರ್‌ನಲ್ಲೇ ಆಗಬೇಕು, ಎಲಿಫೆಂಟ್ ಹಿಲ್‌ನಲ್ಲಿ ನಲ್ಲಿ ಇಲ್ಲ.

ಒಣಹವೆಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ಮಂಗಳೂರಿನಲ್ಲಾದರೆ ಅಂಗಿ ತೊಯ್ದು ಮೈಗಂಟಿದಾಗ ನೀರಿನ ನೆನಪಾಗುತ್ತದೆ. ಇಲ್ಲಿ ಅಂಗಿ ಒಣಗಿಯೇ ಇರುತ್ತದೆ, ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ ಮೂಡಿರುತ್ತದೆ. ಆ ಉಪ್ಪನ್ನೂ ತುಂಬಿಕೊಳ್ಳಬೇಕು. ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತವೆ. ಅದನ್ನು ನೀರು ಸಾಲದೆಂದು ತಿಳಿದು ಮತ್ತಷ್ಟು ಕುಡಿದರೆ ಪ್ರಾಣಕ್ಕೇ ಸಂಚಕಾರ. ಊರಿಂದ ಬಂದವರು ತಂದುಕೊಟ್ಟ ಓಆರ್‌ಎಸ್ ಪೊಟ್ಟಣ ಎರಡು ಜೇಬಿನಲ್ಲಿರಲಿ. ತಿನ್ನಲು ಕೋಡುಬಳೆ, ಉಪ್ಪು ಹಾಕಿ ಹುರಿದ ಕಡಲೆಬೀಜ, ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ. ಅಂಗಡಿಯ ಎನರ್ಜಿ ಬಾರ್‌ಗಳು ಒಣಗಿದ ಬಾಯಲ್ಲಿ ಗಂಟಲಿಗಿಳಿಯುವುದಿಲ್ಲ, ಇಳಿದರೂ ಅದಕ್ಕೆ ಮತ್ತೆ ನೀರು ಬೇಕು.

ಹೇಳಿ ಹೋಗುವುದು

2003ರ ಏಪ್ರಿಲ್ 26ರಂದು ಆರನ್ ರಾಲ್‌ಸ್ಟನ್ ಎಂಬ ಪರ್ವತಾರೋಹಿ ಇದೇ ಸೀಮೆಯ ಬ್ಲೂಜಾನ್ ಕೊರಕಲಿನಲ್ಲಿ ಒಬ್ಬನೇ ಇಳಿಯುತ್ತಿದ್ದಾಗ ಬಂಡೆ ಜಾರಿ ಅವನ ಬಲಗೈ ಸಿಕ್ಕಿಕೊಂಡಿತು. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಡ್ಯಾನಿ ಬಾಯ್ಲ್ ಅದನ್ನು ‘127 ಅವರ್ಸ್’ ಎಂಬ ಸಿನಿಮಾ ಮಾಡಿದರು, ಸಂಗೀತ ಎ.ಆರ್. ರಹಮಾನ್ ಅವರದಾದ್ದರಿಂದ ನಮ್ಮಲ್ಲೂ ಬಹಳ ಜನ ನೋಡಿದ್ದಾರೆ. ನೋಡಿದವರೆಲ್ಲ ಚಾಕುವಿನ ದೃಶ್ಯದ ಮಾತಾಡುತ್ತಾರೆ. ಒಂಟಿ ಚಾರಣಿಗರು ನೆನಪಿಡಬೇಕಾದದ್ದು ಬೇರೆ: ಎಲ್ಲಿಗೆ ಹೋಗುತ್ತಿದ್ದೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಅವನು ಕಾಣೆಯಾಗಿದ್ದಾನೆಂದು ಗೊತ್ತಾದಾಗಲೂ ಯಾವ ದಿಕ್ಕಿಗೆ ಹುಡುಕಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಒಬ್ಬರಿಗೆ ಸಂದೇಶ ಬರೆದು ಕಳಿಸಿ. ಅಮೆರಿಕದಲ್ಲೇ ಇರುವ, ಫೋನ್ ಎತ್ತುವ ಅಭ್ಯಾಸವಿರುವ ಒಬ್ಬರಿಗೆ. ಬೆಂಗಳೂರಿನಲ್ಲಿರುವ ಅಮ್ಮನಿಗೆ ಗಾಬರಿ ಮಾಡಿಸಬೇಡಿ. ಕಾರಿನ ಬಣ್ಣ ಮತ್ತು ನಂಬರ್, ಹೊರಡುವ ಜಾಗ, ಹೋಗುವ ದಾರಿಯ ಹೆಸರು, ಯಾವ ದಿಕ್ಕಿನಲ್ಲಿ ಸುತ್ತುತ್ತೀರಿ, ಹಿಂದಿರುಗುವ ಹೊತ್ತು, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ರೇಂಜರ್‌ಗೆ ಕರೆ ಮಾಡಬೇಕು ಎಲ್ಲವೂ ಅದರಲ್ಲಿರಲಿ. ಕೊನೆಯದನ್ನು ಬರೆಯಲು ಜನ ಸಂಕೋಚಪಡುತ್ತಾರೆ. ಅದು ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಮತ್ತೆ, ಬರೆದುಕೊಟ್ಟ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬಾರದು, ಅದು ಎಷ್ಟೇ ಚೆನ್ನಾಗಿ ಕಂಡರೂ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಸಾಧನಗಳು ಈಗ ಸಿಗುತ್ತವೆ, ಐಫೋನ್ 14 ಮತ್ತು ಅದರ ನಂತರದ ಐಫೋನುಗಳಲ್ಲೂ ತುರ್ತಿಗೆ ಆ ಸೌಲಭ್ಯವಿದೆ. ಒಬ್ಬರೇ ನಡೆಯುವವರು ಅದಕ್ಕೆ ದುಡ್ಡು ಹಾಕುವುದು ನ್ಯಾಯ. ಆದರೆ ಅವಕ್ಕೆ ತೆರೆದ ಆಕಾಶ ಬೇಕು. ಸೀಳಿನೊಳಗೆ ನಿಂತು ಒತ್ತಿದರೆ ಕೆಲಸ ಮಾಡದಿರಬಹುದು. ಕಾಗದದ ನಕ್ಷೆ, ತಲೆಗೆ ಕಟ್ಟುವ ಟಾರ್ಚ್, ಸೀಟಿ ಇವು ಬ್ಯಾಟರಿಯ ಹಂಗಿಲ್ಲದೆಯೋ ಕಡಿಮೆ ಹಂಗಿನಲ್ಲೋ ಕೆಲಸ ಮಾಡುತ್ತವೆ. ಮೂರು ಸಲ ಸೀಟಿ ಊದಿದರೆ ಸಹಾಯ ಬೇಕೆಂದು ಅರ್ಥ.

ದಾರಿ

ಹೆದ್ದಾರಿ 191 ಬಿಟ್ಟು ಯೂಟಾ 211ಕ್ಕೆ ತಿರುಗಿದರೆ ಸುಮಾರು 35 ಮೈಲಿ. ಪೆಟ್ರೋಲನ್ನು ಮೋಆಬ್ ಅಥವಾ ಮಾಂಟಿಸೆಲೊದಲ್ಲೇ ತುಂಬಿಸಿಕೊಳ್ಳಿ. ನಡುವೆ ನ್ಯೂಸ್‌ಪೇಪರ್ ರಾಕ್ ಸಿಗುತ್ತದೆ: ಒಂದೇ ಕಪ್ಪು ಬಂಡೆಯ ಮೇಲೆ ಮೂಲನಿವಾಸಿಗಳು ಶತಮಾನಗಳ ಉದ್ದಕ್ಕೂ ಕೊರೆದ ನೂರಾರು ಚಿತ್ರ. ಬೆಳಗ್ಗೆ ನಿಲ್ಲಬೇಡಿ, ವಾಪಸಾಗುವಾಗ ನೋಡಿ. ಹಗಲು ನಡಿಗೆಗೆ ಉದ್ಯಾನದ ಪ್ರವೇಶ ಶುಲ್ಕ ಬಿಟ್ಟರೆ ಬೇರೆ ಪರವಾನಗಿ ಬೇಡ. ರಾತ್ರಿ ತಂಗುವವರಿಗೆ ಬೇಕು. ಕ್ಯಾಂಪ್‌ಗ್ರೌಂಡ್ ದಾಟಿ ಮೂರು ಮೈಲಿ ಜಲ್ಲಿರಸ್ತೆ, ಒಣಗಿದ್ದಾಗ ಸಾಮಾನ್ಯ ಕಾರೇ ಹೋಗುತ್ತದೆ. ಎಲಿಫೆಂಟ್ ಹಿಲ್ ಬಂದ ಮೇಲೆ ನಿಲ್ಲಿಸಿ. ಅದರಿಂದಾಚೆಗೆ ಮುಂದುವರಿಯುವುದು ಯೂಟಾದ ಕಠಿಣ ಜೀಪ್ ರಸ್ತೆಗಳಲ್ಲೊಂದು; ಬಾಡಿಗೆ ಕಾರಿನ ಮುಂಗಡ ಹಣದ ಮೇಲೆ ಆಸೆ ಇದ್ದವರು ಅತ್ತ ತಲೆ ಹಾಕಬಾರದು. ಶೌಚಾಲಯ ಇಲ್ಲಿದೆ, ಬಳಸಿ. ದಾರಿಯಲ್ಲಿ ಬಳಸಿದ ಟಿಶ್ಯೂ ಕಾಗದವನ್ನೂ ಚೀಲದಲ್ಲಿ ಕಟ್ಟಿ ಹೊರತರಬೇಕು. ಒಣನೆಲದಲ್ಲಿ ಅದು ಕರಗುವುದಿಲ್ಲ.

ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಏಳೂವರೆಯ ಹೊತ್ತಿಗೆ, ಮುಳುಗುವುದು ಏಳಕ್ಕೆ ಸ್ವಲ್ಪ ಮೊದಲು. ಬೆಳಕಾದ ಕೂಡಲೇ ಹೊರಡಿ. ಮೊದಲ ಮೆಟ್ಟಿಲುಗಳನ್ನು ಹತ್ತಿದರೆ ಬರೀ ಬಂಡೆ. ಇಲ್ಲಿಂದ ಮುಂದೆ ಕಾಲುದಾರಿ ಎಂಬುದು ಬಹುಪಾಲು ಇಲ್ಲ, ಕಲ್ಲುಗುಪ್ಪೆಗಳೇ ದಾರಿ. ಮೂರೋ ನಾಲ್ಕೋ ಕಲ್ಲನ್ನು ಒಂದರ ಮೇಲೊಂದಿಟ್ಟ ಗುರುತು. ಒಂದರ ಹತ್ತಿರ ನಿಂತು ಮುಂದಿನದು ಕಂಡ ಮೇಲೆಯೇ ಹೆಜ್ಜೆ ಕೀಳಬೇಕು. ಕಾಣದಿದ್ದರೆ ಅಂದಾಜಿನ ಮೇಲೆ ಮುಂದೆ ಹೋಗದೆ ಹಿಂದಿನ ಗುಪ್ಪೆಗೆ ಬನ್ನಿ, ಅಲ್ಲಿಂದ ಮತ್ತೆ ನೋಡಿ. ನೀವಾಗಿ ಹೊಸ ಗುಪ್ಪೆ ಕಟ್ಟಬಾರದು, ಇದ್ದದ್ದನ್ನು ಕೆಡವಲೂ ಬಾರದು. ಫೋಟೊಗೆಂದು ಯಾರೋ ಕಟ್ಟಿದ ಗುಪ್ಪೆ ಇನ್ಯಾರನ್ನೋ ದಾರಿ ತಪ್ಪಿಸುತ್ತದೆ.

ಒಣ ಮರಳುಗಲ್ಲು ರಬ್ಬರ್ ಅಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ದಪ್ಪ ಬೂಟಿಗಿಂತ ಮೆತ್ತನೆ ಅಡಿಯ, ಹಗುರವಾದ ಟ್ರೇಲ್ ಶೂ ಇಲ್ಲಿಗೆ ಒಳ್ಳೆಯದು. ಆದರೆ ಹತ್ತಿದ ಬಂಡೆಯನ್ನೆಲ್ಲ ಇಳಿಯಲಾಗುವುದಿಲ್ಲ. ಒಬ್ಬರೇ ಇದ್ದಾಗ, ವಾಪಸ್ ಇಳಿಯಲು ಆಗುತ್ತದೆಂಬ ಖಾತ್ರಿ ಇಲ್ಲದ ಬಂಡೆಯನ್ನು ಹತ್ತುವುದೇ ಬೇಡ. ಅಂಚಿನಲ್ಲಿ ಸೆಲ್ಫಿಗೂ ಇದೇ ಮಾತು.

ಎರಡು ಮೈಲಿ ದಾಟಿದ ಮೇಲೆ ಎಲಿಫೆಂಟ್ ಕ್ಯಾನ್ಯನ್ ಎಂಬ ಒಣಹಳ್ಳ. ಇಲ್ಲಿಂದ ಹಳ್ಳದುದ್ದಕ್ಕೆ ಹೋದರೆ ಡ್ರೂಯಿಡ್ ಆರ್ಚ್. ಅದೂ ಹೋಗಿ ಬರಲು ಸುಮಾರು 11 ಮೈಲಿಯೇ, ಕೊನೆಯಲ್ಲಿ ಏಣಿ ಮತ್ತು ಕೈಕಾಲೂರಿ ಹತ್ತುವ ಕಲ್ಲು. ಕಮಾನು ನಿಜಕ್ಕೂ ದೊಡ್ಡದು, ಭವ್ಯ. ಆದರೂ ಮೊದಲ ಒಂಟಿ ನಡಿಗೆಗೆ ನಾನು ಚೆಸ್ಲರ್ ಪಾರ್ಕನ್ನೇ ಹೇಳುತ್ತೇನೆ: ಹೆಚ್ಚು ಜನ ಓಡಾಡುವ ದಾರಿ, ಹತ್ತುವ ಕಷ್ಟ ಕಡಿಮೆ, ನೋಟ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ.

ಹಳ್ಳ ದಾಟಿ ಏರಿದರೆ 2.9 ಮೈಲಿಗೆ ಸೂಜಿಗಳ ನಡುವಿನ ಕಣಿವೆಬಾಯಿ. ಇಡೀ ದಿನದ ನಿರ್ಧಾರ ಆಗಬೇಕಾದದ್ದು ಇಲ್ಲಿ. ಗಡಿಯಾರ ಹತ್ತೂವರೆ ದಾಟಿದ್ದರೆ, ಐದು ಲೀಟರಿನಲ್ಲಿ ಮೂರೂವರೆಗಿಂತ ಕಡಿಮೆ ಉಳಿದಿದ್ದರೆ, ಇಲ್ಲವೇ ಆಕಾಶದಲ್ಲಿ ಮೋಡ ಕಟ್ಟುತ್ತಿದ್ದರೆ, ಇಲ್ಲೇ ಕೂತು ತಿಂಡಿ ತಿಂದು ಬಂದ ದಾರಿಯಲ್ಲಿ ಹಿಂದಿರುಗಿ. ಆರು ಮೈಲಿಯ ಆ ನಡಿಗೆಯೂ ಪೂರ್ತಿ ದಿನದ ಸಂತೋಷವೇ. ಇಲ್ಲಿ ಬಿಟ್ಟು ಮುಂದೆ ನಿರ್ಧರಿಸುತ್ತೇನೆಂದರೆ ಆಗದು. ಸುತ್ತಿನ ಅರ್ಧಕ್ಕೆ ಹೋದ ಮೇಲೆ ಹಿಂದೆ ಬರುವ ದೂರವೂ ಮುಂದೆ ಹೋಗುವ ದೂರವೂ ಒಂದೇ.

ಕಣಿವೆಬಾಯಿ ದಾಟಿದರೆ ಚೆಸ್ಲರ್ ಪಾರ್ಕ್. ಪಾರ್ಕ್ ಎಂದರೆ ತೋಟವಲ್ಲ, ಸುತ್ತ ಗೋಪುರಗಳು ಕಾವಲು ನಿಂತ ಹುಲ್ಲುಗಾವಲು. ಹಿಂದೆ ದನಗಾಹಿಗಳು ದನ ಮೇಯಿಸುತ್ತಿದ್ದ ಬಯಲು. ಪ್ರದಕ್ಷಿಣೆಯ ದಿಕ್ಕಿನಲ್ಲಿ, ಅಂದರೆ ಬಯಲನ್ನು ಬಲಕ್ಕಿಟ್ಟುಕೊಂಡು ನಡೆದರೆ ಹನ್ನೆರಡರ ಸುಮಾರಿಗೆ ಜಾಯಿಂಟ್ ಟ್ರೇಲ್ ತಲುಪುತ್ತೀರಿ. ಬೇಕೆಂದೇ ಆ ಹೊತ್ತು. ಎತ್ತರದ ಎರಡು ಗೋಡೆಗಳ ನಡುವೆ, ಕೆಲವೆಡೆ ಎರಡೇ ಅಡಿ ಅಗಲದ ಸೀಳು; ಚೀಲ ಕಳಚಿ ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆಯಬೇಕು. ಹೊರಗೆ ಬಂಡೆ ಕಾಯುತ್ತಿರುವಾಗ ಒಳಗೆ ಹಳೆಯ ಗುಡಿಯ ಗರ್ಭಗುಡಿಯಂಥ ತಂಪು. ಊಟ ಇಲ್ಲೇ ಮಾಡಿ, ಕಾಲು ಚಾಚಿ ಅರ್ಧ ಗಂಟೆ ಕೂತಿರಿ. ದಿನದಲ್ಲಿ ಇದಕ್ಕಿಂತ ಒಳ್ಳೆಯ ನೆರಳು ಮತ್ತೆ ಸಿಗುವುದಿಲ್ಲ.

ಸೀಳು ದಾಟಿ ಇಳಿದರೆ ಸ್ವಲ್ಪ ದೂರ ಜೀಪ್ ರಸ್ತೆಯ ಮೇಲೆ ನಡಿಗೆ, ಮತ್ತೆ ಏರಿ ಬಯಲಿನ ಉತ್ತರದ ಅಂಚು ಹಿಡಿದು ಅದೇ ಕಣಿವೆಬಾಯಿಗೆ. ಮಧ್ಯಾಹ್ನದ ಬಿಸಿಲಿನ ಈ ಪಾಲು ಬೇಸರದ್ದು. ನಿಧಾನವಾಗಿ ನಡೆಯಿರಿ.

ಮೋಡ, ಮಣ್ಣು, ಹೊಂಡ

ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗುಮಳೆ ಇಲ್ಲಿ ಸಾಮಾನ್ಯ. ಬಂಡೆ ನೀರು ಹೀರುವುದಿಲ್ಲ. ಎಲ್ಲೋ ಹತ್ತು ಮೈಲಿ ದೂರದಲ್ಲಿ ಸುರಿದದ್ದು ನಿಮ್ಮ ತಲೆಯ ಮೇಲೆ ನೀಲಿ ಆಕಾಶ ಇರುವಾಗಲೇ ಕೆಂಪು ಕೆಸರಾಗಿ ಹಳ್ಳದಲ್ಲಿ ನುಗ್ಗಿ ಬರಬಹುದು. ಗುಡುಗು ಕೇಳಿದರೆ ಹಳ್ಳ ಮತ್ತು ಸೀಳಿನಿಂದ ದೂರ ಸರಿಯಿರಿ, ಹಾಗೆಯೇ ಬೋಳುಬಂಡೆಯ ನೆತ್ತಿಯಿಂದಲೂ ಕೆಳಗಿಳಿಯಿರಿ. ಹರಿಯುವ ಹಳ್ಳವನ್ನು ದಾಟುವ ಸಾಹಸ ಬೇಡ. ಇಂಥ ನೀರು ಬಂದಷ್ಟೇ ಬೇಗ ಇಳಿಯುವುದುಂಟು, ಕಾಯಿರಿ. ನೆನೆದ ಮರಳುಗಲ್ಲು ಜಾರುತ್ತದೆ ಎಂಬುದೂ ನೆನಪಿರಲಿ.

ಬಂಡೆಗಳ ನಡುವಿನ ಮಣ್ಣಿನ ಮೇಲೆ ಕಪ್ಪಗೆ, ಗಂಟುಗಂಟಾಗಿ ಹೆಪ್ಪುಗಟ್ಟಿದ ಪದರ ಕಾಣುತ್ತದೆ. ಸುಟ್ಟ ನೆಲದಂತೆ ಕಂಡರೂ ಅದು ಜೀವಂತ: ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಕಟ್ಟಿಹಿಡಿದಿವೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು, ಗಿಡಗಳಿಗೆ ಸಾರಜನಕ ಕೊಡುವುದು ಇದೇ. ಒಂದು ಹೆಜ್ಜೆ ಬಿದ್ದರೆ ಸರಿಹೋಗಲು ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕು. ಬಂಡೆಯ ಮೇಲೆ ಅಥವಾ ಹಳ್ಳದ ಮರಳಿನಲ್ಲಿ ಮಾತ್ರ ಕಾಲಿಡಿ. ಬಂಡೆಯ ಹೊಂಡಗಳಲ್ಲಿ ಮಳೆನೀರು ನಿಂತಿದ್ದರೆ ಕೈ ಅದ್ದಬೇಡಿ. ಅದರಲ್ಲಿ ಸಣ್ಣ ಸಿಗಡಿಯಂಥ ಜೀವಿಗಳಿರುತ್ತವೆ. ನಮ್ಮ ಕೈಯ ಸನ್‌ಸ್ಕ್ರೀನ್ ಅವಕ್ಕೆ ವಿಷ. ಬಂಡೆಯ ಮರೆಯಲ್ಲಿ ಪೂರ್ವಿಕ ಪ್ಯೂಬ್ಲೊ ಜನರ ಕಣಜವೋ ಚಿತ್ರವೋ ಕಂಡರೆ ಮುಟ್ಟದೆ ದೂರದಿಂದ ನೋಡಿ.

ಕಾಲು ಉಳುಕಿತು ಅಥವಾ ದಾರಿ ಪೂರ್ತಿ ತಪ್ಪಿತು ಎಂದುಕೊಳ್ಳಿ. ಹತ್ತಿರದ ನೆರಳಿಗೆ ಹೋಗಿ ಕೂತುಬಿಡಿ. ಅಡ್ಡದಾರಿ ಹುಡುಕುತ್ತ ಬಂಡೆಯಿಂದ ಬಂಡೆಗೆ ಇಳಿಯುವವರೇ ಇಳಿದಲ್ಲಿಂದ ಹತ್ತಲಾಗದೆ ಸಿಕ್ಕಿಕೊಳ್ಳುವುದು. ಉಪಗ್ರಹದ ಸಂದೇಶ ಕಳಿಸಿ, ಸೀಟಿ ಊದಿ, ಸ್ವೆಟರ್ ಹಾಕಿಕೊಳ್ಳಿ. ಬರೆದುಕೊಟ್ಟ ದಾರಿಯಲ್ಲೇ ನೀವಿದ್ದರೆ ಹುಡುಕುವವರಿಗೆ ಸಿಗುತ್ತೀರಿ.

ಎಲ್ಲ ಸರಿಯಾಗಿ ನಡೆದರೆ ನಾಲ್ಕರಿಂದ ಐದರೊಳಗೆ ಕಾರಿನ ಹತ್ತಿರ ಇರುತ್ತೀರಿ. ಅಲ್ಲೂ ಫೋನ್ ಸತ್ತೇ ಇರುತ್ತದೆ. ಸಿಗ್ನಲ್ ನಂಬಿಕೆಯಾಗಿ ಸಿಗಲು ಹೆದ್ದಾರಿಯವರೆಗೆ, ಕೆಲವೊಮ್ಮೆ ಮಾಂಟಿಸೆಲೊದವರೆಗೆ ಬರಬೇಕಾಗುತ್ತದೆ. ರೇಂಜರ್‌ಗೆ ಕರೆ ಮಾಡುವ ಗಡುವನ್ನು ಗೊತ್ತುಮಾಡುವಾಗಲೇ ಅಷ್ಟು ದೂರ ಬರುವ ಹೊತ್ತನ್ನೂ ಸೇರಿಸಿಕೊಂಡಿರಿ. ಸಿಗ್ನಲ್ ಬಂದ ಕೂಡಲೇ, ಊಟಕ್ಕೆ ಕೂರುವ ಮೊದಲು, ಫೋಟೊ ಹಾಕುವುದಕ್ಕೂ ಮೊದಲು, ಕಾಯುತ್ತಿರುವವರಿಗೆ ಬಂದೆನೆಂದು ತಿಳಿಸಿ. ನೀವು ಮರೆತರೆ ಅವರು ಕರೆ ಮಾಡುತ್ತಾರೆ, ರೇಂಜರ್‌ಗಳು ರಾತ್ರಿ ಟಾರ್ಚ್ ಹಿಡಿದು ಹುಡುಕಲು ಹೊರಡುತ್ತಾರೆ.